ಗಂಧ ನಮ್ಮದು, ಪಾಕ ಬೇರೆಯವರದು: ಮೈಸೂರು ಸೋಪು ಕಲಿತ ಕಥೆ

1914ರ ಜುಲೈ ಕೊನೆಯಲ್ಲಿ ಯುರೋಪಿನಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಅದರ ಬಿಸಿ ಮೈಸೂರು ಸಂಸ್ಥಾನದ ಗಂಧದ ಕೋಠಿಗಳಿಗೂ ತಟ್ಟಿತು. ಅಲ್ಲಿಯವರೆಗೆ ಸರ್ಕಾರ ಗಂಧದ ಕೊರಡುಗಳನ್ನು ಹರಾಜು ಹಾಕುತ್ತಿತ್ತು. ಕೊಂಡವರು ಅದನ್ನು ಹಡಗಿಗೆ ತುಂಬಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಕಳಿಸುತ್ತಿದ್ದರು. ಎಣ್ಣೆ ತೆಗೆಯುವ ಕೆಲಸ ಅಲ್ಲಿ ನಡೆಯುತ್ತಿತ್ತು. ಯುದ್ಧ ಬಂದಿದ್ದೇ ಹಡಗು ನಿಂತವು, ಜರ್ಮನಿ ಶತ್ರುದೇಶವಾಯಿತು, ಕೋಠಿಗಳಲ್ಲಿ ಗಂಧದ ರಾಶಿ ಬಿತ್ತು.

ಸಮಸ್ಯೆ ಬರೀ ಮಾರಾಟದ್ದಾಗಿರಲಿಲ್ಲ. ಜಗತ್ತಿನ ಅತ್ಯುತ್ತಮ ಗಂಧ ನಮ್ಮಲ್ಲಿತ್ತು. ಆದರೆ ಅದರಿಂದ ಯುರೋಪಿನ ಮಾರುಕಟ್ಟೆ ಒಪ್ಪುವ ಗುಣಮಟ್ಟದ ಎಣ್ಣೆ ತೆಗೆಯುವ ಕಾರ್ಖಾನೆ ಸಂಸ್ಥಾನದಲ್ಲಿ ಇರಲಿಲ್ಲ. ಆ ಎಣ್ಣೆ ಹಾಕಿ ಒಳ್ಳೆಯ ಸೋಪು ಮಾಡಲು ಬಲ್ಲವರೂ ಇರಲಿಲ್ಲ. ಮರ ನಮ್ಮದು, ಪಾಕ ಬೇರೆಯವರದು. ಮುಂದಿನ ನಾಲ್ಕು ವರ್ಷಗಳಲ್ಲಿ ಮೈಸೂರು ಆ ಪಾಕ ಕಲಿತಿತು. ಹೇಗೆ ಕಲಿತಿತು ಎಂಬುದು, ಇವತ್ತು ಬಿಎಸ್ಸಿ, ಬಿ.ಫಾರ್ಮ ಓದುತ್ತಿರುವ ನಮ್ಮ ಊರಿನ ಮಕ್ಕಳಿಗೂ, ಸಂಘದಲ್ಲಿ ಸೋಪು ಮಾಡುವ ಹೆಣ್ಣುಮಕ್ಕಳಿಗೂ ಗೊತ್ತಿರಬೇಕಾದ ಕಥೆ.

ಸಾವಿರ ವರ್ಷದ ಹಿಂದೆ ಕನ್ನಡದಲ್ಲೇ ಇತ್ತು

ಮೈಗೆ ಹಚ್ಚುವುದು, ತಲೆಗೆ ಹಾಕುವುದು, ಸುಗಂಧ ಬೆರೆಸುವುದು ನಮಗೆ ಹೊಸ ವಿದ್ಯೆಯಲ್ಲ. ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ 'ಗಂಧಯುಕ್ತಿ' ಎಂಬ ಅಧ್ಯಾಯವನ್ನೇ ಬರೆದ. ಹದಿನಾರು ದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿ ಬೆರೆಸಿದರೆ 1820 ಬಗೆಯ ಜೋಡಣೆ ಆಗುತ್ತದೆ ಎಂದು ಅದರಲ್ಲಿ ಲೆಕ್ಕ ಕೊಟ್ಟಿದ್ದಾನೆ. ಕ್ರಿ.ಶ. 1025ರ ಸುಮಾರಿಗೆ ಚಾವುಂಡರಾಯ ಎಂಬ ಕವಿ ಕನ್ನಡದಲ್ಲೇ 'ಲೋಕೋಪಕಾರ' ಬರೆದ. ಮನೆ ಕಟ್ಟುವುದು, ನೀರು ಹುಡುಕುವುದು, ಗಿಡ ಬೆಳೆಸುವುದು, ಅಡುಗೆ ಮಾಡುವುದು ಎಲ್ಲವೂ ಇರುವ ಆ ಪುಸ್ತಕದಲ್ಲಿ ಸುಗಂಧ ದ್ರವ್ಯಗಳಿಗೂ ಜಾಗ ಇದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ, ಅಂದರೆ ಇಂದಿನ ಬಸವಕಲ್ಯಾಣದ, ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಸ್ನಾನ, ತೈಲ, ಲೇಪನಗಳ ವಿವರ ಕೊಟ್ಟ.

ಅರಮನೆಯ ಹೊರಗೆ ಜನ ತಮ್ಮ ದಾರಿ ತಾವು ಕಂಡುಕೊಂಡಿದ್ದರು. ತಲೆಗೆ ಸೀಗೆಕಾಯಿ, ಒಡವೆ ಬಟ್ಟೆಗೆ ಅಂಟುವಾಳ, ಮೈಗೆ ಕಡಲೆಹಿಟ್ಟು, ಹೆಸರುಹಿಟ್ಟು, ಅಗಸರ ಭಟ್ಟಿಗೆ ಚೌಳು ಮಣ್ಣು. ಸೀಗೆ ಮತ್ತು ಅಂಟುವಾಳದಲ್ಲಿ ನೊರೆ ಬರಿಸುವ ಸಾಪೊನಿನ್ ಇದೆ. ಚೌಳು ಮಣ್ಣಿನಲ್ಲಿ ಕೊಳೆ ಬಿಡಿಸುವ ಸೋಡಾ ಇದೆ. ಹೆಸರು ಗೊತ್ತಿಲ್ಲದಿದ್ದರೂ ಗುಣ ಗೊತ್ತಿತ್ತು.

ಆದರೆ ಈ ವಿದ್ಯೆ ಕೈಯಿಂದ ಕೈಗೆ ಬಂದದ್ದು. ಒಬ್ಬರ ಹದ ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಕಾರ್ಖಾನೆಗೆ ಬೇಕಾದದ್ದು ಬೇರೆ. ಇವತ್ತು ಮಾಡಿದ ಹತ್ತು ಸಾವಿರ ಸೋಪು ಹೇಗಿದೆಯೋ ಮುಂದಿನ ವರ್ಷದ ಹತ್ತು ಸಾವಿರವೂ ಹಾಗೇ ಇರಬೇಕು. ಅದಕ್ಕೆ ಅಳತೆ ಬೇಕು, ಪರೀಕ್ಷೆ ಬೇಕು, ಬರೆದಿಟ್ಟ ಕ್ರಮ ಬೇಕು. ಇಂಗ್ಲಿಷಿನವರು ಫಾರ್ಮುಲೇಶನ್ ಎನ್ನುವುದು ಇದನ್ನೇ. ನಮ್ಮ ಮಾತಿನಲ್ಲಿ ಪಾಕ.

ಹೊಲದಲ್ಲಿದ್ದರೂ ಸರ್ಕಾರದ ಮರ

ಗಂಧದ ಮರ ಸ್ವಲ್ಪ ವಿಚಿತ್ರ. ಎಲೆ ಹಸಿರಿದ್ದು ತನ್ನ ಅನ್ನ ತಾನೇ ಬೇಯಿಸಿಕೊಂಡರೂ, ಬೇರಿನಿಂದ ಪಕ್ಕದ ಗಿಡದ ಬೇರಿಗೆ ಕೈ ಹಾಕಿ ನೀರು, ಲವಣ ಹೀರುತ್ತದೆ. ಅದಕ್ಕೇ ಗಂಧ ನೆಟ್ಟವರು ಪಕ್ಕದಲ್ಲಿ ತೊಗರಿಯನ್ನೋ ಬೇರೆ ಆಸರೆ ಗಿಡವನ್ನೋ ಹಾಕುವುದು. ಎಣ್ಣೆ ಇರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಹೊರಗಿನ ಬಿಳಿ ಭಾಗದಲ್ಲಿ ಸುವಾಸನೆ ಇಲ್ಲ. ಚೇಗು ಕಟ್ಟಲು ವರ್ಷಗಟ್ಟಲೆ ಬೇಕು.

1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷ ಎಂದು ಘೋಷಿಸಿದ. ಟಿಪ್ಪುವಿನ ನಂತರ ಬಂದ ಸರ್ಕಾರಗಳೂ ಆ ಪದ್ಧತಿ ಬಿಡಲಿಲ್ಲ. ರೈತನ ಹೊಲದ ಬದುವಿನಲ್ಲಿ ಹುಟ್ಟಿದರೂ ಮರ ಸರ್ಕಾರದ್ದೇ. ಖಜಾನೆಗೆ ಇದರಿಂದ ದೊಡ್ಡ ಆದಾಯ ಬರುತ್ತಿತ್ತು. ರೈತನಿಗೆ ಮಾತ್ರ ಅದು ತಲೆನೋವಿನ ಗಿಡ. 1899ರ ಹೊತ್ತಿಗೆ ಕೊಡಗಿನಲ್ಲಿ ಗಂಧಕ್ಕೆ 'ಸ್ಪೈಕ್' ರೋಗವೂ ಕಾಣಿಸಿಕೊಂಡಿತು. ಎಲೆ ಚಿಕ್ಕದಾಗಿ, ಕೊಂಬೆ ಮುಳ್ಳುಮುಳ್ಳಾಗಿ ಮರವೇ ಒಣಗುವ ರೋಗ ಅದು.

ಇಷ್ಟೆಲ್ಲ ಕಾಪಾಡಿ ಬೆಳೆಸಿದ ಮರ ಕೊನೆಗೆ ಕೊರಡಾಗಿಯೇ ಹೊರಗೆ ಹೋಗುತ್ತಿತ್ತು. ಅದರ ಎಣ್ಣೆ ಯುರೋಪಿನ ಅತ್ತರು ಅಂಗಡಿಗೂ ಔಷಧದ ಅಂಗಡಿಗೂ ಹೋಗುತ್ತಿತ್ತು. ಮೂತ್ರನಾಳದ ರೋಗಕ್ಕೆ ಗಂಧದೆಣ್ಣೆ ಆಗ ವೈದ್ಯರು ಬರೆಯುತ್ತಿದ್ದ ಔಷಧ. ಹೀಗಾಗಿ ಎಣ್ಣೆ ಶುದ್ಧವೋ ಅಲ್ಲವೋ ಎಂದು ಪರೀಕ್ಷಿಸಲು ಕಟ್ಟುನಿಟ್ಟಿನ ಅಳತೆ ಇತ್ತು. ಅದರಲ್ಲಿ ಸ್ಯಾಂಟಲಾಲ್ ಎಂಬ ಸತ್ವ ನೂರಕ್ಕೆ ತೊಂಬತ್ತು ಪಾಲಾದರೂ ಇರಬೇಕಿತ್ತು. ಮೂಗಿಗೆ ಚೆನ್ನಾಗಿದೆ ಎಂದರೆ ಸಾಲದು, ಲ್ಯಾಬಿನಲ್ಲೂ ಪಾಸಾಗಬೇಕು.

ಭಟ್ಟಿಗೆ ಇಳಿದ ಪ್ರೊಫೆಸರರು

ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು. 1912ರಿಂದ ಎಂ. ವಿಶ್ವೇಶ್ವರಯ್ಯ ದಿವಾನರು. ಕೈಗಾರಿಕೆ ಇಲಾಖೆಯನ್ನು ಆಲ್‌ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷ್ ಎಂಜಿನಿಯರ್ ನೋಡಿಕೊಳ್ಳುತ್ತಿದ್ದರು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, 1909ರಲ್ಲಿ ಹುಟ್ಟಿ 1911ರಲ್ಲಿ ಪಾಠ ಶುರುಮಾಡಿತ್ತು. ಆ ಜಾಗ ಕೊಟ್ಟದ್ದೂ ಮೈಸೂರು ಸಂಸ್ಥಾನವೇ.

ಅಲ್ಲಿನ ರಸಾಯನಶಾಸ್ತ್ರದ ಪ್ರೊಫೆಸರುಗಳಾದ ಸಡ್‌ಬರೋ ಮತ್ತು ವಾಟ್ಸನ್ ಗಂಧದೆಣ್ಣೆಯ ಕೆಲಸ ಕೈಗೆತ್ತಿಕೊಂಡರು. ಕೇಳಲು ಸುಲಭ: ಚೇಗನ್ನು ಪುಡಿ ಮಾಡು, ಹಬೆ ಹಾಯಿಸು, ಹಬೆಯನ್ನು ತಣಿಸು, ಮೇಲೆ ತೇಲುವ ಎಣ್ಣೆ ತೆಗೆ. ಮಾಡಲು ಕಷ್ಟ. ಗಂಧದೆಣ್ಣೆ ಭಾರದ ಎಣ್ಣೆ, ಬೇಗ ಆವಿಯಾಗುವುದಿಲ್ಲ. ಪುಡಿ ಎಷ್ಟು ನುಣ್ಣಗಿರಬೇಕು, ಹಬೆ ಎಷ್ಟು ಹೊತ್ತು ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದೆಲ್ಲ ಪ್ರಯೋಗದಿಂದಲೇ ತಿಳಿಯಬೇಕಿತ್ತು. ಬೇಗ ನಿಲ್ಲಿಸಿದರೆ ಎಣ್ಣೆ ಮರದಲ್ಲೇ ಉಳಿಯುತ್ತದೆ, ಬೆಂಕಿ ಮಿತಿಮೀರಿದರೆ ಸೀದ ವಾಸನೆ ಬರುತ್ತದೆ.

1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು, 1917ರಲ್ಲಿ ಮೈಸೂರಿನಲ್ಲಿ ಇನ್ನೊಂದು. ಎಷ್ಟೋ ವರ್ಷಗಳ ಮೇಲೆ, 1944ರಲ್ಲಿ, ಶಿವಮೊಗ್ಗದಲ್ಲೂ ಒಂದು ಬಂತು. ಮೊದಲ ಪಾಕ ಕೈಗೆ ಸಿಕ್ಕಿತು. ಕೊರಡು ಮಾರುತ್ತಿದ್ದ ಸಂಸ್ಥಾನ ಎಣ್ಣೆ ಮಾರುವ ಸಂಸ್ಥಾನವಾಯಿತು.

ಸೋಪು ಕಲಿಯಲು ಇಂಗ್ಲೆಂಡಿಗೆ

ಎಣ್ಣೆಯಿಂದ ಸೋಪಿಗೆ ಹೋದದ್ದು ಹೇಗೆ? 1918ರ ಹೊತ್ತಿಗೆ ವಿದೇಶಿ ಅತಿಥಿಗಳಿಬ್ಬರು ಮಹಾರಾಜರಿಗೆ ಒಂದು ಸೋಪು ಕಾಣಿಕೆ ಕೊಟ್ಟರಂತೆ. ಅದು ಭಾರತದ ಗಂಧದೆಣ್ಣೆ ಹಾಕಿ ಮಾಡಿದ ಸೋಪು. ನಮ್ಮ ಎಣ್ಣೆ ಅವರ ಸೋಪಾಗಿ ನಮ್ಮ ಅರಮನೆಗೇ ಬಂದದ್ದು ನೋಡಿ ಮಹಾರಾಜರಿಗೆ ಇದನ್ನು ಇಲ್ಲೇ ಯಾಕೆ ಮಾಡಬಾರದು ಅನ್ನಿಸಿತು ಎಂದು ಹೇಳುತ್ತಾರೆ.

ವಿಶ್ವೇಶ್ವರಯ್ಯನವರು ಬೊಂಬಾಯಿಯಿಂದ ಸೋಪು ಬಲ್ಲವರನ್ನು ಕರೆಸಿದರು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸೋಪಿನ ಪ್ರಯೋಗಕ್ಕೆ ವ್ಯವಸ್ಥೆ ಮಾಡಿದರು. ಹೊರಗಿನಿಂದ ಬಂದವರು ಒಂದು ದಿನ ಹೋಗಿಯೇ ಹೋಗುತ್ತಾರೆ, ವಿದ್ಯೆ ಇಲ್ಲಿ ಉಳಿಯಬೇಕಾದರೆ ನಮ್ಮವರೇ ಒಬ್ಬರು ಪೂರ್ತಿ ಕಲಿಯಬೇಕು. ಅದಕ್ಕೆ ಆರಿಸಿದ್ದು ಎಸ್.ಜಿ. ಶಾಸ್ತ್ರಿ ಎಂಬ ಕೆಮಿಸ್ಟರನ್ನು. ಪೂರ್ತಿ ಹೆಸರು ಸೋಸಲೆ ಗರಳಪುರಿ ಶಾಸ್ತ್ರಿ. ಸೋಸಲೆ ತಿ. ನರಸೀಪುರ ತಾಲ್ಲೂಕಿನ ಊರು. ಗರಳಪುರಿ ಎಂದರೆ ನಮ್ಮ ನಂಜನಗೂಡು. ಸೋಪು ಮತ್ತು ಸುಗಂಧದ ವಿದ್ಯೆಯಲ್ಲಿ ಪಳಗಿ ಬರಲು ಸರ್ಕಾರ ಅವರನ್ನು ಇಂಗ್ಲೆಂಡಿಗೆ ಕಳಿಸಿತು.

ಇವತ್ತು ಕಾಸ್ಮೆಟಿಕ್ ಸೈನ್ಸ್ ಎಂದು ಕಾಲೇಜಿನಲ್ಲಿ ಓದುವ ವಿಷಯವನ್ನು ಮೈಸೂರು ಸಂಸ್ಥಾನ ನೂರು ವರ್ಷದ ಹಿಂದೆಯೇ ಒಬ್ಬ ವ್ಯಕ್ತಿಯ ಓದಿನ ಮೇಲೆ ಹಣ ಹಾಕಿ ತರಿಸಿಕೊಂಡಿತು. ಯಂತ್ರ ಕೊಳ್ಳುವುದಕ್ಕಿಂತ ಇದು ಭಿನ್ನ. ಯಂತ್ರ ಹಳೆಯದಾಗುತ್ತದೆ. ಕಲಿತು ಬಂದವನು ಹತ್ತು ಜನಕ್ಕೆ ಕಲಿಸುತ್ತಾನೆ.

ಶಾಸ್ತ್ರಿಗಳು ಮರಳಿ ಬಂದು ಗಂಧದ ಸುವಾಸನೆ ಸೋಪಿನಲ್ಲಿ ನಿಲ್ಲುವ ಪಾಕ ಕೂರಿಸಿದರು. ಜನ ಅವರನ್ನು 'ಸೋಪ್ ಶಾಸ್ತ್ರಿ' ಎಂದೇ ಕರೆದರು. ಬೆಂಗಳೂರಿನ ಕಬ್ಬನ್ ಪಾರ್ಕ್ ಹತ್ತಿರ ಸರ್ಕಾರಿ ಸಾಬೂನು ಕಾರ್ಖಾನೆ ಎದ್ದಿತು. ಆಗಿನ ಸೋಪುಗಳೆಲ್ಲ ಸಾಮಾನ್ಯವಾಗಿ ಚೌಕ, ಇದು ಮೊಟ್ಟೆಯಾಕಾರ. ಒಡವೆ ಡಬ್ಬಿಯಂಥ ಪೆಟ್ಟಿಗೆ. ಮೇಲೆ ಆನೆಯ ತಲೆ, ಸಿಂಹದ ಮೈ ಇರುವ ಶರಭದ ಗುರುತು. ಪ್ರಚಾರಕ್ಕೂ ಹಿಂದೆ ಬೀಳಲಿಲ್ಲ, ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಮಾಡಿಸಿದ್ದರು. 1957ರಲ್ಲಿ ಕಾರ್ಖಾನೆ ರಾಜಾಜಿನಗರಕ್ಕೆ ಹೋಯಿತು. 1980ರಲ್ಲಿ ಸೋಪು ಮತ್ತು ಎಣ್ಣೆ ಕಾರ್ಖಾನೆಗಳು ಸೇರಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಆಯಿತು. 2006ರಲ್ಲಿ ಮೈಸೂರ್ ಸ್ಯಾಂಡಲ್ ಸೋಪಿಗೆ ಜಿಐ ಗುರುತು ಸಿಕ್ಕಿತು.

ಪಾಕದ ಲೆಕ್ಕ ಎಂದರೆ ಏನು?

ಸೋಪು ಮಾಡಲು ಇಷ್ಟು ಓದು ಬೇಕಾ ಎಂದು ನಿಮಗೆ ಅನ್ನಿಸಬಹುದು. ಒಂದು ಉದಾಹರಣೆ ನೋಡೋಣ.

ಸೋಪು ಆಗುವುದು ಎಣ್ಣೆ ಅಥವಾ ಕೊಬ್ಬಿಗೆ ಕಾಸ್ಟಿಕ್ ಸೋಡಾ ಸೇರಿದಾಗ. ಎಣ್ಣೆ ಒಡೆದು ಒಂದು ಕಡೆ ಸೋಪು, ಇನ್ನೊಂದು ಕಡೆ ಗ್ಲಿಸರಿನ್ ಆಗುತ್ತದೆ. ಕೊಬ್ಬಿನ ಒಳಗುಟ್ಟನ್ನು ಬಿಡಿಸಿದವನು ಫ್ರಾನ್ಸಿನ ಮಿಶೆಲ್ ಷೆವ್ರಲ್, ಆತನ ಪುಸ್ತಕ ಬಂದದ್ದು 1823ರಲ್ಲಿ. ಅದಕ್ಕೆ ಮುಂಚೆ ಸಾವಿರಾರು ವರ್ಷ ಜನ ಸೋಪು ಕಾಸಿದ್ದರು, ಒಳಗೆ ಏನಾಗುತ್ತದೆ ಎಂದು ಮಾತ್ರ ತಿಳಿದಿರಲಿಲ್ಲ.

ಈಗ ಅಳತೆಗೆ ಬನ್ನಿ. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 180 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಅಷ್ಟೇ ಹರಳೆಣ್ಣೆಗೆ ಸುಮಾರು 130 ಗ್ರಾಂ ಸಾಕು. ಕೊಬ್ಬರಿ ಎಣ್ಣೆಯ ಲೆಕ್ಕವನ್ನೇ ಹರಳೆಣ್ಣೆಗೆ ಹಾಕಿದರೆ 50 ಗ್ರಾಂ ಕಾಸ್ಟಿಕ್ ಸೋಪಿನಲ್ಲಿ ಹಾಗೇ ಉಳಿಯುತ್ತದೆ. ನೋಡಲು ಸೋಪು ಚೆನ್ನಾಗೇ ಇರುತ್ತದೆ. ಹಚ್ಚಿಕೊಂಡ ಮಗುವಿನ ಚರ್ಮ ಸುಡುತ್ತದೆ. ಸಂಘದ ಮಹಿಳೆಯರು ವಿಡಿಯೋ ನೋಡಿ ಸೋಪು ಮಾಡುವಾಗ 'ಕೊಬ್ಬರಿ ಎಣ್ಣೆ ತುಟ್ಟಿ, ಬೇರೆ ಎಣ್ಣೆ ಹಾಕೋಣ' ಎಂದು ಎಣ್ಣೆ ಬದಲಿಸಿ ಕಾಸ್ಟಿಕ್ ಅಳತೆ ಬದಲಿಸದಿದ್ದರೆ ಆಗುವುದು ಇದೇ.

ಸುಗಂಧದ ಕಥೆ ಇನ್ನೂ ಸೂಕ್ಷ್ಮ. ಸೋಪು ಕ್ಷಾರ, ಅದರ ಪಿಎಚ್ 9–10ರ ಹತ್ತಿರ. ಎಷ್ಟೋ ಸುಗಂಧಗಳು ಕ್ಷಾರದಲ್ಲಿ ಸತ್ತುಹೋಗುತ್ತವೆ, ಕೆಲವು ಸೋಪಿನ ಬಣ್ಣ ಕೆಡಿಸುತ್ತವೆ. ಬಿಸಿಯಲ್ಲಿ ಹಾಕಿದರೆ ಆವಿಯಾಗಿ ಹೋಗುತ್ತವೆ. ಆದ್ದರಿಂದ ಒಳ್ಳೆಯ ಕಾರ್ಖಾನೆಯಲ್ಲಿ ಮೊದಲು ಸೋಪು ಕಾಸಿ, ಉಪ್ಪು ಹಾಕಿ ಬೇರ್ಪಡಿಸಿ, ತೊಳೆದು, ಒಣಗಿಸಿ ಚಕ್ಕೆ ಮಾಡುತ್ತಾರೆ. ಆಮೇಲೆ ತಣ್ಣಗಿರುವಾಗ ಸುಗಂಧ ಸೇರಿಸಿ ರೋಲರಿನಲ್ಲಿ ಅರೆದು, ಒತ್ತಿ, ಅಚ್ಚು ಹಾಕುತ್ತಾರೆ. ಗಂಧದೆಣ್ಣೆಯ ದೊಡ್ಡ ಗುಣ ಅದು ನಿಧಾನವಾಗಿ ಆವಿಯಾಗುವುದು. ಭಟ್ಟಿಯಲ್ಲಿ ತೊಂದರೆ ಕೊಟ್ಟ ಅದೇ ಗುಣ ಸೋಪಿನಲ್ಲಿ ವರವಾಯಿತು. ಅದು ತಾನೂ ನಿಲ್ಲುತ್ತದೆ, ಜೊತೆಗಿರುವ ಹಗುರ ಸುವಾಸನೆಗಳನ್ನೂ ಹಿಡಿದು ನಿಲ್ಲಿಸುತ್ತದೆ.

ವಿದ್ಯೆ ಕಾಲೇಜಿಗೆ ಬಂತು

ಶಾಸ್ತ್ರಿಗಳಿಗೆ ಸಮುದ್ರ ದಾಟಬೇಕಾಯಿತು. ಆಮೇಲೆ ದೇಶದಲ್ಲೇ ದಾರಿಗಳು ತೆರೆದವು. 1921ರಲ್ಲಿ ಕಾನ್ಪುರದಲ್ಲಿ ಶುರುವಾದ ತಾಂತ್ರಿಕ ಸಂಸ್ಥೆ ಮುಂದೆ ಹಾರ್‌ಕೋರ್ಟ್ ಬಟ್ಲರ್ ಹೆಸರಿನಿಂದ ಎಣ್ಣೆ ತಂತ್ರಜ್ಞಾನಕ್ಕೆ ಹೆಸರಾಯಿತು. 1933ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗ ಹುಟ್ಟಿತು. ಇವತ್ತಿನ ಐಸಿಟಿ ಅದೇ. ಅಲ್ಲಿ ಎಣ್ಣೆ ಮತ್ತು ಮಾರ್ಜಕಗಳಿಗೆ ವಿಭಾಗ ಇದೆ, ಸುಗಂಧ ತಂತ್ರಜ್ಞಾನದಲ್ಲಿ ಎಂ.ಟೆಕ್ ಕೂಡ ಇದೆ. ಅತ್ತರಿನ ಊರು ಕನೌಜ್‌ನಲ್ಲಿ 1991ರಲ್ಲಿ ಸುಗಂಧ ಮತ್ತು ಸ್ವಾದ ಅಭಿವೃದ್ಧಿ ಕೇಂದ್ರ ಬಂತು. ಅಲ್ಲಿ ಕಡಿಮೆ ಅವಧಿಯ ತರಬೇತಿಗಳೂ ನಡೆಯುತ್ತವೆ.

ಫಾರ್ಮಸಿ ಓದುವವರಿಗೆ ಇನ್ನೂ ಹತ್ತಿರದ ದಾರಿ ಇದೆ. ಬಿ.ಫಾರ್ಮ ಕೊನೆಯ ಸೆಮಿಸ್ಟರಿನಲ್ಲಿ 'ಕಾಸ್ಮೆಟಿಕ್ ಸೈನ್ಸ್' ಆಯ್ಕೆಯ ವಿಷಯ. ಎಂ.ಫಾರ್ಮದ ಫಾರ್ಮಾಸ್ಯೂಟಿಕ್ಸ್ ವಿಭಾಗದಲ್ಲಿ ಕಾಸ್ಮೆಟಿಕ್ಸ್ ಮೇಲೆ ಒಂದು ಪೂರ್ತಿ ಪತ್ರಿಕೆ ಇದೆ. ಎಣ್ಣೆಯನ್ನೂ ನೀರನ್ನೂ ಬೇರೆಯಾಗದಂತೆ ಕ್ರೀಮಾಗಿ ಕೂರಿಸುವುದು, ನೀರಿರುವ ವಸ್ತುವಿಗೆ ಬೂಷ್ಟು ಬಾರದಂತೆ ಸಂರಕ್ಷಕ ಹಾಕುವುದು, ಬಿಸಿ ಮತ್ತು ತೇವದಲ್ಲಿ ತಿಂಗಳುಗಟ್ಟಲೆ ಇಟ್ಟು ಕೆಡುತ್ತದೆಯೇ ನೋಡುವುದು, ಚರ್ಮಕ್ಕೆ ಉರಿ ತರುತ್ತದೆಯೇ ಪರೀಕ್ಷಿಸುವುದು ಈ ವಿದ್ಯೆಯ ತಿರುಳು. ಮನೆಯಲ್ಲಿ ಮಾಡಿದ ಲೋಳೆಸರದ ಜೆಲ್ ಕೆಲವೇ ದಿನಕ್ಕೆ ವಾಸನೆ ಬರುತ್ತದೆ, ಅಂಗಡಿಯದು ವರ್ಷ ನಿಲ್ಲುತ್ತದೆ. ನಡುವಿನ ವ್ಯತ್ಯಾಸವೇ ಆ ಓದು.

ಕಾನೂನೂ ನಿಧಾನವಾಗಿ ಹಿಂದೆ ಬಂತು. ಔಷಧಗಳ ಕಾಯ್ದೆ ಬಂದದ್ದು 1940ರಲ್ಲಿ. ಅದರ ಹೆಸರಿಗೆ 'ಸೌಂದರ್ಯವರ್ಧಕ' ಸೇರಿದ್ದು 1962ರ ತಿದ್ದುಪಡಿಯಲ್ಲಿ. ಆಗಲೂ ಸೋಪನ್ನು ಹೊರಗಿಟ್ಟಿದ್ದರು. 1982ರ ತಿದ್ದುಪಡಿ ಸೋಪನ್ನೂ ಒಳಗೆ ತಂದಿತು. 2014ರಲ್ಲಿ ಪ್ರಾಣಿಗಳ ಮೇಲೆ ಸೌಂದರ್ಯವರ್ಧಕ ಪರೀಕ್ಷಿಸುವುದನ್ನು ನಿಷೇಧಿಸಲಾಯಿತು. 2020ರಲ್ಲಿ ಸೌಂದರ್ಯವರ್ಧಕಗಳಿಗೇ ಬೇರೆ ನಿಯಮಾವಳಿ ಬಂತು.

ಈ ಕಟ್ಟಳೆಗಳು ಬರೀ ಕಾಗದದ ಕೆಲಸವಲ್ಲ. ಮುಖ ಬಿಳಿಯಾಗುತ್ತದೆ ಎಂದು ಸಂತೆಯಲ್ಲಿ, ಫೋನಿನಲ್ಲಿ ಮಾರುವ ಹೆಸರಿಲ್ಲದ ಕ್ರೀಮುಗಳಲ್ಲಿ ಪಾದರಸ ಇರಬಹುದು. ಪಾದರಸ ಚರ್ಮದ ಮೂಲಕ ಒಳಗಿಳಿದು ಕಿಡ್ನಿ ಕೆಡಿಸುತ್ತದೆ. ತಯಾರಕರ ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು ಇಲ್ಲದ ಡಬ್ಬಿಯನ್ನು ಮನೆಗೆ ತರಬೇಡಿ.

ಈಗ ನಮ್ಮ ಮುಂದಿರುವುದು

ಕಥೆ ಒಂದು ಸುತ್ತು ತಿರುಗಿದೆ. 1914ರಲ್ಲಿ ಗಂಧ ಇತ್ತು, ಪಾಕ ಇರಲಿಲ್ಲ. ಮುಂದೆ ಪಾಕ ಇತ್ತು, ಗಂಧವೇ ಕರಗಿತು. ಕಳ್ಳಸಾಗಣೆ, ಸ್ಪೈಕ್ ರೋಗ, ಮಿತಿಮೀರಿದ ಕಡಿತ ಎಲ್ಲ ಸೇರಿ ಕಾಡಿನ ಗಂಧ ಕಡಿಮೆಯಾಯಿತು. ಗಂಧದ ಸೋಪಿನ ಕಾರ್ಖಾನೆಗೇ ಗಂಧದ ಕೊರತೆ ಬಂತು. ಕೊನೆಗೆ 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ರೈತನ ಜಮೀನಿನ ಗಂಧದ ಮರ ರೈತನದೇ ಎಂದಾಯಿತು. ಟಿಪ್ಪುವಿನ ಕಾಲದಿಂದ ನಡೆದುಬಂದ ಪದ್ಧತಿ ಇನ್ನೂರು ವರ್ಷದ ಮೇಲೆ ಮುರಿಯಿತು. ಗಂಧ ಬೆಳೆಯಿರಿ ಎಂದು ಸೋಪು ಕಾರ್ಖಾನೆಯೇ ರೈತರನ್ನು ಕರೆಯಿತು. ಇವತ್ತು ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಗಂಧದ ತೋಟಗಳಿವೆ.

ಮರ ಮತ್ತೆ ನಮ್ಮ ಕೈಗೆ ಬಂದಿದೆ. ಕೊರಡಾಗಿ ಮಾರಿ ಸುಮ್ಮನಾಗುತ್ತೇವೋ, ಎಣ್ಣೆ, ಸೋಪು, ಲೇಪನದವರೆಗೆ ಹೋಗುತ್ತೇವೋ? ಪ್ರಶ್ನೆ 1914ರದ್ದೇ. ಗಂಧಕ್ಕಷ್ಟೇ ಅಲ್ಲ, ಅರಿಶಿನ, ಸೀಗೆ, ಬೇವು, ಕೊಬ್ಬರಿ, ಮಲ್ಲಿಗೆ ಎಲ್ಲಕ್ಕೂ ಇದೇ ಪ್ರಶ್ನೆ.

ಊರಿನವರಾಗಿ ನಾವು ಮಾಡಬಹುದಾದ ಮೂರು ಕೆಲಸ ಇವೆ.

ಒಂದು, ಕೊಳ್ಳುವಾಗ ಸೋಪಿನ ಕಾಗದ ಓದಿ. ಟಿಎಫ್‌ಎಂ ಎಂದರೆ ಅದರಲ್ಲಿರುವ ಕೊಬ್ಬಿನ ಸತ್ವ. ಭಾರತೀಯ ಮಾನಕದ ಪ್ರಕಾರ ಶೇಕಡ 76 ಮತ್ತು ಮೇಲಿದ್ದರೆ ಗ್ರೇಡ್ 1, 70ರ ಮೇಲಿದ್ದರೆ ಗ್ರೇಡ್ 2, 60ರ ಮೇಲಿದ್ದರೆ ಗ್ರೇಡ್ 3. 'ಬಾತಿಂಗ್ ಬಾರ್' ಎಂದು ಬರೆದಿದ್ದರೆ ಅದು ಟಾಯ್ಲೆಟ್ ಸೋಪ್ ಅಲ್ಲ, ಅದರಲ್ಲಿ 40ರಷ್ಟಿದ್ದರೂ ಸಾಕು.

ಎರಡು, ಸಂಘದಲ್ಲಿ ಸೋಪು, ಎಣ್ಣೆ ಮಾಡಿ ಮಾರುವವರು ಲೈಸೆನ್ಸ್ ಬಗ್ಗೆ ಹೆದರಿ ಕೂರಬೇಡಿ. ಹಳೆಯ 1945ರ ನಿಯಮಗಳು ಫಾರ್ಮಸಿ ಓದಿದವರ ಜೊತೆಗೆ, ರಸಾಯನಶಾಸ್ತ್ರ ಒಂದು ವಿಷಯವಾಗಿ ಓದಿ ಪಿಯುಸಿ ಮಟ್ಟದ ಪರೀಕ್ಷೆ ಪಾಸಾದವರಿಗೂ ತಯಾರಿಕೆಯ ಉಸ್ತುವಾರಿಗೆ ಅವಕಾಶ ಕೊಟ್ಟಿದ್ದವು. ಈಗಿನ ನಿಯಮಾವಳಿಯಂತೆ ಏನೇನು ಬೇಕು ಎಂದು ಔಷಧ ನಿಯಂತ್ರಣ ಇಲಾಖೆಯ ಕಚೇರಿಯಲ್ಲಿ ಕೇಳಿ. ಊರಿನ ಸೈನ್ಸ್ ಓದಿದ ಮಗಳನ್ನು ಸಂಘಕ್ಕೆ ಸೇರಿಸಿಕೊಳ್ಳಿ. ಅಳತೆಯನ್ನು ತಕ್ಕಡಿಯಲ್ಲೇ ತೂಗಿ, ಪ್ರತಿ ಸಲವೂ ಪುಸ್ತಕದಲ್ಲಿ ಬರೆದಿಡಿ.

ಮೂರು, ಬಿಎಸ್ಸಿ ಕೆಮಿಸ್ಟ್ರಿಯನ್ನೋ ಬಿ.ಫಾರ್ಮವನ್ನೋ ಮುಗಿಸಿದ ಮಕ್ಕಳಿಗೆ ಮೆಡಿಕಲ್ ಶಾಪು, ಮೆಡಿಕಲ್ ರೆಪ್ ಕೆಲಸ ಬಿಟ್ಟು ಈ ದಾರಿಯೂ ಇದೆ ಎಂದು ಹೇಳಿ. 'ಕ್ರೀಮು, ಸೋಪು ಓದಕ್ಕೆ ಎಂ.ಫಾರ್ಮ ಬೇಕೇನೋ?' ಎಂದು ನಗುವ ಚಿಕ್ಕಪ್ಪಂದಿರಿಗೆ ಸೋಸಲೆ ಗರಳಪುರಿ ಶಾಸ್ತ್ರಿಗಳ ಹೆಸರು ಹೇಳಿದರೆ ಸಾಕು. ಒಂದು ಸಂಸ್ಥಾನ ಅದೇ ಓದಿಗೆ ಅವರನ್ನು ಇಂಗ್ಲೆಂಡಿಗೆ ಕಳಿಸಿತ್ತು. ಆ ಓದಿನ ಫಲ ನಮ್ಮ ಬಚ್ಚಲಮನೆಯ ಗೂಡಿನಲ್ಲಿ ಇವತ್ತಿಗೂ ಇದೆ.